ಜಿಮ್‌ಗೆ ಜಾಮೀನು: ಬಾಂಡೋ, ಬ್ಯಾಂಕ್ ಪತ್ರವೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಂಡ್ ಪಕ್ಷ. ಕೆಳಗೆ ಎಷ್ಟೇ ನ್ಯಾಯವಾಗಿ ಬರೆಯಲು ಹೊರಟರೂ ವಾಲುವುದು ಆ ಕಡೆಗೇ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನನ್ನದೊಂದು ಸಣ್ಣ ಜಿಮ್ ಇದೆ. ಶುರುವಿನಲ್ಲಿ ಯಾವ ಜಾಮೀನೂ ಬೇಡದ ತಿಂಗಳ ಲೆಕ್ಕದ ಮೆಂಬರ್‌ಶಿಪ್ ಮಾರಿದೆ. ಆಮೇಲೆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಇಟ್ಟೆ, ಅಂದರೆ ನಾನು ಕೈಕೊಟ್ಟರೆ ದುಡ್ಡು ನಾವು ಕೊಡುತ್ತೇವೆ ಎಂದು ಬ್ಯಾಂಕು ಬರೆದುಕೊಡುವ ಪತ್ರ. ಈಗ ಶ್ಯೂರಿಟಿ ಬಾಂಡ್ ಇದೆ, ಅದೇ ಮಾತನ್ನು ಪ್ರೀಮಿಯಂ ತಗೊಂಡು ಒಂದು ಬಾಂಡ್ ಕಂಪನಿ ಬರೆದುಕೊಡುವುದು. ಅಮೆರಿಕದಲ್ಲಿ ಜಿಮ್ ಅಥವಾ ಯೋಗ ಸ್ಟುಡಿಯೊ ತೆರೆಯಲು ಹೊರಟ ನಮ್ಮವರು ಈ ವಿಷಯ ಆಗಾಗ ಕೇಳುತ್ತಾರೆ, ಅದಕ್ಕೇ ಇದು.

ನ್ಯೂಜೆರ್ಸಿಯ ಕಾನೂನು ಇಷ್ಟು. ಮೂರು ತಿಂಗಳಿಗಿಂತ ಉದ್ದದ ಮೆಂಬರ್‌ಶಿಪ್ ಮಾರುವ ಜಿಮ್ ಸರ್ಕಾರಕ್ಕೆ ಜಾಮೀನು ತೋರಿಸಬೇಕು. ಹಿಂದಿನ ಹಣಕಾಸು ವರ್ಷದಲ್ಲಿ ಜಿಮ್ ಸೇವೆಯಿಂದ ಬಂದ ಒಟ್ಟು ಆದಾಯದ ಶೇಕಡಾ 10ರಷ್ಟು. ಆದರೆ 25,000 ಡಾಲರ್‌ಗೆ ಕಡಿಮೆ ಇಲ್ಲ, 50,000ಕ್ಕೆ ಮೇಲಿಲ್ಲ. ಅಂದರೆ ಎರಡೂವರೆ ಲಕ್ಷ ಡಾಲರ್ ಒಳಗಿನ ಸಣ್ಣ ಜಿಮ್‌ಗಳಿಗೆಲ್ಲ 25,000ವೇ ಗಟ್ಟಿ. ಎರಡು ಕಡೆ ಜಿಮ್ ಇದ್ದರೆ ಎರಡು ಜಾಮೀನು. ಬಾಂಡ್, ಬ್ಯಾಂಕ್ ಪತ್ರ, ಇಲ್ಲವೇ ನಗದು ಅಥವಾ ಸೆಕ್ಯುರಿಟೀಸ್ ಠೇವಣಿ, ಇದರಲ್ಲಿ ಯಾವುದಾದರೂ ನಡೆಯುತ್ತದೆ. ಪಕ್ಕದ ರಾಜ್ಯಕ್ಕೆ ಹೋದರೆ ಲೆಕ್ಕವೇ ಬೇರೆ, ಅಲ್ಲಿನ ಕಾನೂನು ನೋಡಿಕೊಳ್ಳಿ.

ಯಾಕೆ ಇಷ್ಟೆಲ್ಲ ಅಂದರೆ, ಮುಂಗಡ ದುಡ್ಡು ತಗೊಂಡು ಬಾಗಿಲು ಹಾಕುವ ಜಿಮ್‌ಗಳ ಕಾಟ. ಸಣ್ಣವರು ಮಾತ್ರ ಮುಳುಗುತ್ತಾರೆ ಅಂತಲೂ ಇಲ್ಲ. 2020ರಲ್ಲಿ ಗೋಲ್ಡ್ಸ್ ಜಿಮ್, 24 ಅವರ್ ಫಿಟ್‌ನೆಸ್, ಟೌನ್ ಸ್ಪೋರ್ಟ್ಸ್ ಮೂರೂ ದಿವಾಳಿ ಅರ್ಜಿ ಹಾಕಿದವು. ಆ ವರ್ಷ ಮಾರ್ಚ್‌ನಲ್ಲಿ ಮುಚ್ಚಿಸಿದ ನಮ್ಮ ರಾಜ್ಯದ ಜಿಮ್‌ಗಳು ತೆರೆದದ್ದು ಸೆಪ್ಟೆಂಬರ್ 1ಕ್ಕೆ, ಅದೂ ಕಾಲು ಭಾಗ ಜನಕ್ಕೆ ಮಾತ್ರ. ವರ್ಷದ ದುಡ್ಡು ಕಟ್ಟಿದವರ ಹೊಟ್ಟೆಯುರಿ ಊಹಿಸಿಕೊಳ್ಳಿ.

ತಿಂಗಳ ಲೆಕ್ಕದ ದಾರಿ ಎಲ್ಲಕ್ಕಿಂತ ಸುಲಭ. ಜಾಮೀನಿನ ಗೋಜಿಲ್ಲ, ರಿಜಿಸ್ಟ್ರೇಷನ್ ಮಾಡಿಸಿದರೆ ಸಾಕು. ಆದರೆ ನನ್ನ ಗಿರಾಕಿಗಳು ಓಕ್ ಟ್ರೀ ರೋಡ್ ಸುತ್ತಮುತ್ತಲಿನ ನಮ್ಮ ದೇಶದವರು. ಜನವರಿಯಲ್ಲಿ ಬಂದು ಮೊದಲು ಕೇಳುವುದೇ "ವರ್ಷಕ್ಕೆ ಕಟ್ಟಿದ್ರೆ ಎಷ್ಟು ಬಿಡ್ತೀರಾ?" ಅಂತ. ತಿಂಗಳ ಲೆಕ್ಕದವರು ಮಾರ್ಚ್ ಹೊತ್ತಿಗೆ ಮಾಯ. ಬಾಡಿಗೆ ಮಾತ್ರ ಮಾಯವಾಗುವುದಿಲ್ಲ, ಅಲ್ವಾ? ವರ್ಷದ ಮೆಂಬರ್‌ಶಿಪ್ ಇಲ್ಲದೆ ನನ್ನ ಜಿಮ್ ನಡೆಯುವುದಿಲ್ಲ.

ಠೇವಣಿ ಇಡುವ ದಾರಿಯನ್ನು ನಾನು ಯೋಚಿಸಲೇ ಇಲ್ಲ. ಅಷ್ಟು ದುಡ್ಡು ಸುಮ್ನೆ ಕೂರಿಸುವ ಶಕ್ತಿ ಇದ್ದವರಿಗೆ ಅದು.

ಇನ್ನು ಬ್ಯಾಂಕ್ ಪತ್ರ. ತೆಗೆಯುವಾಗ ಒಂದು ಚೂರೂ ತೊಂದರೆ ಆಗಲಿಲ್ಲ. ಜಿಮ್‌ನ ಖಾತೆ ಇದ್ದ ಬ್ಯಾಂಕೇ. 25,000 ಡಾಲರ್ ಸಿಡಿಯಲ್ಲಿ ಇಡಿ, ಅಂದರೆ ನಮ್ಮೂರಿನ ಎಫ್‌ಡಿ, ಅದನ್ನು ಅಡವಿಟ್ಟುಕೊಂಡು ಪತ್ರ ಕೊಡುತ್ತೇವೆ ಎಂದರು. ಫೀಸು ವರ್ಷಕ್ಕೆ 500. ಸಿಡಿಗೆ ಬಡ್ಡಿ ಬರುತ್ತದೆ, ಆರೋಗ್ಯವಾಗಿರುವ ಬ್ಯಾಂಕು, ಮುಗುಳ್ನಗುವ ಮ್ಯಾನೇಜರು. ಇನ್ನೇನು ಬೇಕು?

ತೊಂದರೆ ಇರುವುದು ಹೊರಬರುವಾಗ. ಇಂಥ ಪತ್ರ ರದ್ದು ಮಾಡಲಾಗದ ಪತ್ರ. ದುಡ್ಡು ನಮ್ಮದೇ, ಅರ್ಜಿ ನಮ್ಮದೇ, ಆದರೆ ಅದನ್ನು ಬಿಡಿಸುವ ಹಕ್ಕು ನಮಗಿಲ್ಲ. ಯಾರ ಹೆಸರಿಗೆ ಬರೆದಿದೆಯೋ ಅವರು, ಅಂದರೆ ಸರ್ಕಾರ, ಒಪ್ಪಬೇಕು. ಹೊಸ ಜಾಮೀನು ಫೈಲ್ ಆಗುವ ತನಕ ಅವರು ಹಳೆಯದನ್ನು ಬಿಡುವುದಿಲ್ಲ. ಇದು ನ್ಯಾಯವೇ. ಬಾಂಡ್ ಮಾಡಿಸಿ ಕಳಿಸಿದೆ, ಒಪ್ಪಿಗೆ ಬಂತು. ಅಲ್ಲಿಗೆ ಮುಗೀತು ಅಂದುಕೊಂಡರೆ ಬ್ಯಾಂಕಿನ ಆಟ ಶುರುವಾಯಿತು.

ಒಪ್ಪಿಗೆ ಕಾಗದ ಸಾಲದು, ಪತ್ರದ ಮೂಲ ಪ್ರತಿಯೇ ಬೇಕು ಎಂದರು. ತಂದುಕೊಟ್ಟೆ. ಇದನ್ನು ನೋಡುವ ವಿಭಾಗ ಬೇರೆ ಊರಿನಲ್ಲಿದೆ, ಕಳಿಸುತ್ತೇವೆ ಎಂದರು. ಅಲ್ಲಿಂದ ಪ್ರಶ್ನೆ ಬಂತು: ಪತ್ರದಲ್ಲಿ ಎಲ್‌ಎಲ್‌ಸಿ (ಜಿಮ್ ನಡೆಸಲು ನಾನು ಮಾಡಿಕೊಂಡ ಸಂಸ್ಥೆ) ಹೆಸರಿದೆ, ಒಪ್ಪಿಗೆಯಲ್ಲಿ ಜಿಮ್ ಬೋರ್ಡಿನ ಹೆಸರಿದೆ, ಎರಡೂ ಒಂದೇ ಎನ್ನುವುದಕ್ಕೆ ದಾಖಲೆ ಕೊಡಿ. ಅದೇ ಬ್ಯಾಂಕಿನ ಚೆಕ್ ಪುಸ್ತಕದಲ್ಲಿ ಎರಡು ಹೆಸರೂ ಒಟ್ಟಿಗೆ ಅಚ್ಚಾಗಿವೆ ಸ್ವಾಮಿ! ಹೋಗಲಿ, ದಾಖಲೆಯನ್ನೂ ಕೊಟ್ಟೆ.

ಇಷ್ಟರಲ್ಲಿ ಪತ್ರದ ವರ್ಷ ಮುಗಿಯಿತು. ಮುಗಿದರೆ ಒಳ್ಳೆಯದೇ ಅಲ್ವಾ ಅನ್ನಬಹುದು. ಇಲ್ಲ. ಮೊದಲೇ ನೋಟಿಸ್ ಕೊಡದಿದ್ದರೆ ತಾನಾಗಿಯೇ ಇನ್ನೊಂದು ವರ್ಷಕ್ಕೆ ಮುಂದುವರಿಯುವ ಷರತ್ತು ಅದರಲ್ಲಿತ್ತು. ಆ ನೋಟಿಸ್ ಕೊಡಬೇಕಾದದ್ದು ಬ್ಯಾಂಕು. ಬ್ಯಾಂಕು ಕೊಡಲಿಲ್ಲ. ಮತ್ತೆ 500 ಡಾಲರ್ ಖಾತೆಯಿಂದ ಹೋಯಿತು. ಒಂದೇ ಜಿಮ್‌ಗೆ ಆಗ ಎರಡು ಜಾಮೀನು, ಎರಡು ಖರ್ಚು. ಎರಡು ಟ್ರೆಡ್‌ಮಿಲ್‌ಗಳ ಬೆಲ್ಟ್ ಸವೆದು "ಕೆಟ್ಟಿದೆ" ಚೀಟಿ ಅಂಟಿಸಿಕೊಂಡು ನಿಂತಿದ್ದವು, ನನ್ನ 25,000 ಸಿಡಿಯಲ್ಲಿ ಮಲಗಿತ್ತು. ಕೊನೆಗೆ ದುಡ್ಡು ಬಿಟ್ಟರು. ಆ ಫೀಸು ಮಾತ್ರ ವಾಪಸ್ ಬರಲಿಲ್ಲ.

ಬಾಂಡ್ ಕಥೆ ಚಿಕ್ಕದು. ಕ್ರೆಡಿಟ್ ಸ್ಕೋರ್ ಚೆನ್ನಾಗಿದ್ದರೆ ಬಾಂಡ್ ಮೊತ್ತದ ಶೇಕಡಾ ಒಂದರಿಂದ ಮೂರರೊಳಗೆ ಪ್ರೀಮಿಯಂ ಸಿಗುತ್ತದೆ. ನನಗೆ ಬಿದ್ದದ್ದು ವರ್ಷಕ್ಕೆ 375. ಅಡವಿಗೆ ಏನೂ ಇಡಲಿಲ್ಲ. ಸ್ಕೋರ್ ಕೆಟ್ಟಿದ್ದರೆ ದರ ಏರುತ್ತದೆ, ಕೆಲವರಿಗೆ ಬಾಂಡೇ ಸಿಗದು.

ಒಂದು ಮುಳ್ಳು ಮಾತ್ರ ಇದೆ, ಅದನ್ನು ಮುಚ್ಚಿಡಬಾರದು. ಬಾಂಡ್ ವಿಮೆ ಅಲ್ಲ. ನಾನು ಬಾಗಿಲು ಹಾಕಿ, ಬಾಂಡ್ ಕಂಪನಿ ನನ್ನ ಸದಸ್ಯರಿಗೆ ದುಡ್ಡು ಕೊಟ್ಟರೆ, ಅಷ್ಟನ್ನೂ ನನ್ನಿಂದ ವಸೂಲಿ ಮಾಡುತ್ತದೆ. ಅದಕ್ಕಾಗಿ ಎಲ್‌ಎಲ್‌ಸಿ ಮಾತ್ರವಲ್ಲ, ನಾನೂ ವೈಯಕ್ತಿಕವಾಗಿ ಸಹಿ ಹಾಕಬೇಕು. ಮನೆ ಜಂಟಿ ಹೆಸರಿನಲ್ಲಿದೆ ಎಂದು ನನ್ನ ಹೆಂಡತಿಯ ಸಹಿಯನ್ನೂ ಕೇಳಿದರು. ಅವಳು ಕಾಗದ ಪೂರ್ತಿ ಓದಿ, "ಏನ್ರೀ ಇದು, ಮನೆ ತನಕ ಬರ್ತಾರಾ?" ಎಂದಳು. ಬರಬಹುದು ಎಂದೆ. "ಹಾಗಾದ್ರೆ ಮುಂಗಡ ಬಂದ ದುಡ್ಡು ಬೇರೆ ಖಾತೇಲಿರಲಿ" ಎಂದು ಸಹಿ ಹಾಕಿದಳು. ಈಗ ಹಾಗೇ ನಡೆಯುತ್ತಿದೆ. ವರ್ಷದ ಮೆಂಬರ್‌ಶಿಪ್ ದುಡ್ಡು ಬೇರೆ ಖಾತೆಗೆ ಬೀಳುತ್ತದೆ, ಅಲ್ಲಿಂದ ತಿಂಗಳಿಗೆ ಹನ್ನೆರಡನೇ ಒಂದು ಪಾಲು ಖರ್ಚಿಗೆ ಬರುತ್ತದೆ.

ಬಾಂಡ್ ಮಾಡಿಸುವಾಗ ಹೆಸರು ರಿಜಿಸ್ಟ್ರೇಷನ್‌ನಲ್ಲಿ ಇದ್ದಂತೆ ಅಕ್ಷರಕ್ಕೆ ಅಕ್ಷರ ಇರಲಿ. ಪ್ರೀಮಿಯಂ ತಪ್ಪಿಸಬೇಡಿ, ಕಂಪನಿ ಬಾಂಡ್ ರದ್ದು ಮಾಡಿದರೆ ರಿಜಿಸ್ಟ್ರೇಷನ್‌ಗೂ ಪೆಟ್ಟು.

ಯಾರಿಗೆ ಯಾವುದು? ಇಬ್ಬರೋ ಮೂವರೋ ಟ್ರೇನರ್ ಇಟ್ಟುಕೊಂಡು, ಕೈಯಲ್ಲಿ ದುಡ್ಡು ಕಡಿಮೆ ಇದ್ದು, ಜನವರಿಯ ಮುಂಗಡವನ್ನೇ ನಂಬಿರುವ ನನ್ನಂಥವರಿಗೆ ಬಾಂಡೇ ಸರಿ. ಸ್ಕೋರ್ ಕೆಟ್ಟಿದ್ದು ಕೈಯಲ್ಲಿ ದುಡ್ಡಿದ್ದರೆ ಬ್ಯಾಂಕ್ ಪತ್ರ, ಆದರೆ ಸಹಿ ಹಾಕುವ ಮುಂಚೆ ಬಿಡಿಸುವ ವಿಧಾನ ಬರವಣಿಗೆಯಲ್ಲಿ ತಗೊಳ್ಳಿ. ಹತ್ತು ಜನರ ಯೋಗ ಕ್ಲಾಸಿಗೆ ತಿಂಗಳ ಲೆಕ್ಕವೇ ಸಾಕು.

ಕಳೆದ ವರ್ಷ ನಮ್ಮ ಆದಾಯ ಮೂರು ಲಕ್ಷ ಡಾಲರ್ ಮುಟ್ಟಿತು, ಜಾಮೀನು 30,000 ಆಗಬೇಕಾಯಿತು. ಬ್ಯಾಂಕ್ ಪತ್ರವೇ ಇದ್ದಿದ್ದರೆ ಇನ್ನೂ 5,000 ಅಡವಿಡಬೇಕಿತ್ತು. ಬಾಂಡ್ ಏಜೆಂಟ್ ಒಂದು ತಿದ್ದುಪಡಿ ಕಾಗದ ಕಳಿಸಿದರು, 75 ಡಾಲರ್ ಜಾಸ್ತಿ ಕಟ್ಟಿದೆ.