ಮಡಿಕೇರಿಯ ಪ್ರಿಂಟ್ ಅಂಗಡಿ: ಕೆಲಸ ಚೆನ್ನಾಗಿದೆ, ಲ್ಯಾಮಿನೇಶನ್ ಬೇಡ

ಮಡಿಕೇರಿ ಕಾಲೇಜು ರಸ್ತೆ ಕಡೆ ಒಂದು ಸಣ್ಣ ಡಿಜಿಟಲ್ ಪ್ರಿಂಟ್ ಅಂಗಡಿ ಇದೆ. ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಚಾರ್ಟ್ ಮಾಡಿಸಿದ್ದು ಅಲ್ಲೇ. ನಾನು ಆರಿಸಿಕೊಂಡ ವಿಷಯ ಅಮೆರಿಕದ ರೋಸೆನ್‌ವಾಲ್ಡ್ ಶಾಲೆಗಳು. ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸದ ಕಾಲದಲ್ಲಿ, ದಕ್ಷಿಣದ ಹಳ್ಳಿಗಳಲ್ಲಿ ಆ ಮಕ್ಕಳಿಗಾಗಿ ಕಟ್ಟಿದವು. ಕಪ್ಪು ಜನರ ಕಾಲೇಜಾದ ಟಸ್ಕೆಗೀ ಸಂಸ್ಥೆಯನ್ನು ನಡೆಸುತ್ತಿದ್ದ ಬುಕರ್ ಟಿ. ವಾಷಿಂಗ್ಟನ್ ಮತ್ತು ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್ ಸೇರಿ ಶುರು ಮಾಡಿದ ಕೆಲಸ.

ಅಂಗಡಿಯ ಹುಡುಗ ಫೈಲ್ ತೆರೆದ ಕೂಡಲೇ, "ಈ ಫೋಟೋ ಎ3ಗಿಂತ ದೊಡ್ಡದು ಮಾಡಿದ್ರೆ ಬ್ಲರ್ ಆಗುತ್ತೆ ಟೀಚರ್" ಅಂದ. ಸುಮ್ನೆ ಪ್ರಿಂಟ್ ಹಾಕಿ ದುಡ್ಡು ತೆಗೆದುಕೊಳ್ಳಬಹುದಿತ್ತು, ಅಲ್ವಾ? ಆಮೇಲೆ ಕಟ್ಟಡದ ನಕ್ಷೆ ಝೂಮ್ ಮಾಡಿದವನು, "ಕ್ಲಾಸಿನ ಕಿಟಕಿಗಳೆಲ್ಲ ಒಂದೇ ಗೋಡೆಗೆ ಯಾಕೆ?" ಅಂತ ಕೇಳಿದ. ಆ ಶಾಲೆಗಳಲ್ಲಿ ಹೆಚ್ಚಿನವಕ್ಕೆ ಕರೆಂಟ್ ಇರಲಿಲ್ಲ. ಬೆಳಕು ಮಕ್ಕಳ ಎಡಗಡೆಯಿಂದ ಬಿದ್ದರೆ ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ. ಅದಕ್ಕೇ ಎತ್ತರದ ಕಿಟಕಿಗಳು, ಸಾಲಾಗಿ, ಪೂರ್ವಕ್ಕೋ ಪಶ್ಚಿಮಕ್ಕೋ. ಹೇಳಿದ್ದೇ ತಡ, ಮಸುಕಾಗಿದ್ದ ಕಿಟಕಿ ಗೆರೆಗಳನ್ನು ಅವನೇ ಒಂದೊಂದಾಗಿ ದಪ್ಪ ಮಾಡಿದ. ಅದಕ್ಕೆ ಎಕ್ಸ್‌ಟ್ರಾ ದುಡ್ಡು ಕೇಳಲಿಲ್ಲ.

ತಲೆನೋವಾಗಿದ್ದು ಕನ್ನಡ. ನಾನು ಯೂನಿಕೋಡ್‌ನಲ್ಲಿ ಕಳಿಸಿದ್ದು ಅವರ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಪಕ್ಕದಲ್ಲೇ ಕೂತು 'ನುಡಿ' ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪ್ ಮಾಡಿಸಿದೆ.

ಬಣ್ಣದ ವಿಷಯದಲ್ಲೂ ಹೇಳಿ ಮಾಡಿಸಬೇಕು. ಶಾಲೆಗಳಿಗೆ ಯಾರು ಎಷ್ಟು ಹಣ ಕೊಟ್ಟರು ಅನ್ನುವುದನ್ನು ಚಾರ್ಟಿನಲ್ಲಿ ಬಣ್ಣದ ಪಟ್ಟಿಗಳಾಗಿ ತೋರಿಸಿದ್ದೆ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳಾಗಿದ್ದವು. ಪೂರ್ತಿ ದುಡ್ಡು ರೋಸೆನ್‌ವಾಲ್ಡ್ ಕೊಟ್ಟಿದ್ದು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಅವರ ಕಡೆಯಿಂದ ಬಂದದ್ದು ಸುಮಾರು 43 ಲಕ್ಷ ಡಾಲರ್. ಕಪ್ಪು ಜನ ತಾವೇ ಕೂಡಿಸಿದ್ದು ಸುಮಾರು 47 ಲಕ್ಷ! ಉಳಿದದ್ದರಲ್ಲಿ ಹೆಚ್ಚಿನದು ಸರ್ಕಾರದ ಹಣ. ಅಂದರೆ ತೆರಿಗೆ ಕಟ್ಟಿದ ಕಪ್ಪು ಜನರೇ ತಮ್ಮ ಶಾಲೆಗೆ ಮತ್ತೆ ಚಂದಾ ಎತ್ತಿದರು. ಈ 47 ಲಕ್ಷದ ಪಟ್ಟಿಗೇ ಅಂಗಡಿಯವರು ಕಾಣದಂಥ ತಿಳಿ ಹಳದಿ ಹಾಕಿದ್ದರು. ಕಡು ಹಸಿರು ಮಾಡಿಸಿದೆ.

ಎ2 ಒಂದಕ್ಕೆ 180 ರೂಪಾಯಿ, ದುಬಾರಿ ಅನ್ನಿಸಲಿಲ್ಲ. ಲ್ಯಾಮಿನೇಶನ್ ಮಾತ್ರ ನಮ್ಮ ಜುಲೈ ಮಳೆಗೆ ನಿಲ್ಲಲಿಲ್ಲ, ಮೂಲೆಗಳು ಎದ್ದುಬಿಟ್ಟವು. ಮಳೆಗಾಲದಲ್ಲಿ ಮಾಡಿಸುವುದಾದರೆ ಫ್ಲೆಕ್ಸ್ ಕೇಳಿ. ಶುಕ್ರವಾರ ಹೋಗಬೇಡಿ, ಸಂತೆ ದಿನ ಗಾಡಿ ನಿಲ್ಲಿಸಲು ಜಾಗ ಸಿಗೋದಿಲ್ಲ.