ನೋವು ಎರಡು, ಚೀಟಿ ಎರಡು, ಮಾತ್ರೆಯ ಗುಂಪು ಒಂದೇ

ಕೀಲುಗಳಲ್ಲಿ ಉರಿಯೂತ ತರುವ ರುಮಟಾಯ್ಡ್ ಸಂಧಿವಾತದ ಜೊತೆ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾವೂ ಇರುವವರಿಗೆ ಅನಾಹುತ ಆಗುವುದು ಹೆಚ್ಚಾಗಿ ಹೀಗೆ. ಕೀಲುನೋವಿಗೆ ಒಬ್ಬ ವೈದ್ಯರು ಎಟೊರಿಕಾಕ್ಸಿಬ್ ಬರೆದಿರುತ್ತಾರೆ. ಬೆನ್ನು, ಭುಜ ಹಿಡಿದುಕೊಂಡಿತೆಂದು ಇನ್ನೊಬ್ಬರ ಬಳಿ ಹೋದರೆ ಅಸೆಕ್ಲೊಫೆನಾಕ್ 100 ಮಿ.ಗ್ರಾಂ ಮತ್ತು ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಸೇರಿದ ಮಾತ್ರೆ ಸಿಗುತ್ತದೆ. ರಾತ್ರಿ ತಡೆಯಲಾಗದೆ ಮನೆಯಲ್ಲಿದ್ದ ಐಬುಪ್ರೊಫೇನ್ ಬೇರೆ. ಎಟೊರಿಕಾಕ್ಸಿಬ್, ಅಸೆಕ್ಲೊಫೆನಾಕ್, ಐಬುಪ್ರೊಫೇನ್ ಮೂರೂ ನೋವು, ಉರಿಯೂತ ಇಳಿಸುವ ಒಂದೇ ಗುಂಪಿನವು. ಒಟ್ಟಿಗೆ ನುಂಗಿದರೆ ನೋವು ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ, ಹೊಟ್ಟೆಯ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿಯ ಅಪಾಯ ಮಾತ್ರ ಏರುತ್ತದೆ. ರಕ್ತದೊತ್ತಡಕ್ಕೆ ರಾಮಿಪ್ರಿಲ್‌ನಂಥದ್ದು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎರಡೂ ನಡೆಯುತ್ತಿದ್ದರೆ ಮೂತ್ರಪಿಂಡ ಬೇಗ ಸೋಲಬಹುದು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬಂದರೆ ನೋವಿನ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆಯಿಂದ ಹಾಗಾಗಿರಬಹುದು ಎಂದು ನೀವೇ ತೀರ್ಮಾನಿಸಿ ಕೂರಬೇಡಿ.

ಬೇಸರದ ಸಂಗತಿಯೆಂದರೆ, ಫೈಬ್ರೊಮಯಾಲ್ಜಿಯಾದ ನೋವಿಗೆ ಈ ಗುಂಪಿನ ಮಾತ್ರೆ ಹೆಚ್ಚೇನೂ ಕೆಲಸ ಮಾಡುವುದೇ ಇಲ್ಲ. ಅದು ಉರಿಯೂತದ ನೋವಲ್ಲ, ನರಮಂಡಲ ಹಿಗ್ಗಿಸಿ ತೋರಿಸುವ ನೋವು.

ಲೆಕ್ಕ ತಪ್ಪುವ ಇನ್ನೊಂದು ಜಾಗವಿದೆ. ಸಂಧಿವಾತದ ತೀವ್ರತೆ ಅಳೆಯುವ ಡಿಎಎಸ್28 ಅಂಕದಲ್ಲಿ 28 ಕೀಲುಗಳ ಪೈಕಿ ಎಷ್ಟು ಒತ್ತಿದರೆ ನೋಯುತ್ತವೆ, ಎಷ್ಟು ಊದಿವೆ, ರಕ್ತಪರೀಕ್ಷೆಯಲ್ಲಿ ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಅಥವಾ ಸಿಆರ್‌ಪಿ ಎಷ್ಟು, ರೋಗಿ ತನ್ನ ಸ್ಥಿತಿಗೆ ಕೊಡುವ ಅಂಕ ಎಷ್ಟು ಎಂಬುದೆಲ್ಲ ಸೇರುತ್ತದೆ. ಫೈಬ್ರೊಮಯಾಲ್ಜಿಯಾ ಇದ್ದರೆ ಒತ್ತಿದಲ್ಲೆಲ್ಲ ನೋವು, ರೋಗಿಯ ಅಂಕವೂ ಜಾಸ್ತಿ. ಊತವಿಲ್ಲದೆ, ಸಿಆರ್‌ಪಿ ಸರಿಯಿದ್ದರೂ ಒಟ್ಟು ಅಂಕ ಮೇಲೇರಿ, ಸಂಧಿವಾತದ ಔಷಧ ಸುಮ್ಮನೆ ಹೆಚ್ಚಾಗಬಹುದು. ಪ್ರಮಾಣ ಹೆಚ್ಚಿಸುವ ಮಾತು ಬಂದಾಗ “ಊದಿರುವ ಕೀಲು ಎಷ್ಟು ಡಾಕ್ಟ್ರೇ?” ಎಂದು ಕೇಳಿ. ಅನುಮಾನವಿದ್ದರೆ ಕೀಲಿನ ಅಲ್ಟ್ರಾಸೌಂಡ್‌ನಲ್ಲಿ ಉರಿಯೂತ ಇದೆಯೋ ಇಲ್ಲವೋ ನೋಡಬಹುದು.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಮಾತ್ರೆಗಳ ರಾಶಿಯಲ್ಲಿ ಇದನ್ನೂ ದಿನವೂ ನುಂಗಿದರೆ ರಕ್ತಕಣ ಕುಸಿದು ಜೀವಕ್ಕೇ ಕುತ್ತು. ಬಾಯಿಹುಣ್ಣು, ಜ್ವರ ಮುನ್ಸೂಚನೆ. ಚೀಟಿಯ ಮೇಲೆ ವಾರದ ಹೆಸರನ್ನೇ ಬರೆಸಿಕೊಳ್ಳಿ. ಫೈಬ್ರೊಮಯಾಲ್ಜಿಯಾಕ್ಕೆ ಡುಲೊಕ್ಸೆಟಿನ್ ತೆಗೆದುಕೊಳ್ಳುವವರಿಗೆ ಇನ್ನೊಬ್ಬರು ನೋವಿಗೆಂದು ಟ್ರಮಡಾಲ್ ಬರೆದರೆ ಮೊದಲೇ ಹೇಳಿ: ಎರಡೂ ಸೇರಿ ನಡುಕ, ಬೆವರು, ಜ್ವರ, ಗಲಿಬಿಲಿ ಕಾಣಿಸಿಕೊಂಡರೆ ಅದು ತುರ್ತು ಸ್ಥಿತಿ.

ಬ್ರ್ಯಾಂಡ್ ಹೆಸರು ಬಿಡಿ, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಯಾವ ವೈದ್ಯರ ಬಳಿ ಹೋದರೂ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಒಯ್ದು ಮೇಜಿನ ಮೇಲಿಡಿ. ಇದನ್ನು ಓದಿ ಹೆದರಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರ ಏಕಾಏಕಿ ಬಿಡಬೇಡಿ. ಅದನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.