ಹಳೇ ಇಯೆ ಕೊಳ್ಳುವ ಮುಂಚೆ ಒಳಮೈ ಫೋಟೋ ಕೇಳಿ

ರುಮೇನಿಯಾದ ಹಳೇ ಕಸೂತಿ ಕುಪ್ಪಸ, ಅಂದರೆ ಇಲ್ಲಿನವರು ‘ಇಯೆ’ ಅನ್ನುವುದನ್ನು, ಆನ್‌ಲೈನ್‌ನಲ್ಲಿ ಕೊಳ್ಳುವ ಯೋಚನೆ ಇದ್ದರೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿಬಿಡಿ. ನನಗೆ 1,200 ಲೇಯಿ ಹೋಯಿತು. ನಮ್ಮ ಲೆಕ್ಕದಲ್ಲಿ 20 ಸಾವಿರ ರೂಪಾಯಿಗಿಂತ ಜಾಸ್ತಿ. ದುಡ್ಡು ಹೋದ ಸಿಟ್ಟು ಒಂದು ಕಡೆ. ಅದರ ನಮೂನೆ ನೋಡಿ ನಾನೇ ಹೊಲಿಯುತ್ತಿದ್ದ ಹೊಸ ಇಯೆಯ ಮುಂಭಾಗ ಪೂರ್ತಿ ಬಿಚ್ಚಬೇಕಾಯಿತಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಧಾರವಾಡದವಳು, ಈಗ ಬುಕಾರೆಸ್ಟ್‌ನಲ್ಲಿದ್ದೇನೆ. ಕಸೂತಿ ಮನೆಯಲ್ಲೇ ಕಲಿತದ್ದು. ಇಲ್ಲಿಯ ಹಳೇ ಇಯೆಗಳಲ್ಲೂ ನಮ್ಮ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಂತೆ ಬಟ್ಟೆಯ ಎಳೆ ಎಣಿಸಿ ಹೊಲಿದಿರುತ್ತಾರೆ. ಭುಜದ ಮೇಲೆ ‘ಅಲ್ತಿತ್ಸ’ ಎಂಬ ದಟ್ಟ ಕಸೂತಿಯ ಪಟ್ಟಿ. ಅದರ ಕೆಳಗೆ ಹೆಚ್ಚಾಗಿ ಒಂದೇ ಬಣ್ಣದ ಇನ್ನೊಂದು ಪಟ್ಟಿ. ಅಲ್ಲಿಂದ ತೋಳಿನುದ್ದಕ್ಕೂ ಇಳಿಯುವ ಸಾಲುಗಳು. ಈ ಭುಜದ ಕಸೂತಿಯ ಕಲೆ 2022ರಲ್ಲಿ ರುಮೇನಿಯಾ, ಮಾಲ್ಡೋವಾ ಎರಡೂ ದೇಶಗಳ ಹೆಸರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಜೂನ್ 24ಕ್ಕೆ ಇಯೆ ದಿನ ಅಂತಲೇ ಆಚರಿಸುತ್ತಾರೆ. ಆ ಹೊತ್ತಿಗೆ ಸಂತೆಗಳಲ್ಲಿ ಮಷೀನ್ ಕಸೂತಿಯ ಇಯೆಗಳು ರಾಶಿ ಬೀಳುತ್ತವೆ. ಮಷೀನಿನದು ಅಂತ ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ. ನನ್ನ ತಕರಾರು ಅಜ್ಜಿ ಕಾಲದ್ದು ಅಂತ ಹೇಳಿ ಮಾರುವವರ ಮೇಲೆ.

ನನಗೆ ಮಾರಿದಾಕೆ ‘ಬುಕೊವಿನಾದ್ದು (ಇಲ್ಲಿನ ಉತ್ತರದ ಒಂದು ಸೀಮೆ), ನೂರು ವರ್ಷ ಹಳೆಯದು, ಪೂರ್ತಿ ಕೈಕೆಲಸ, ಗಿಡಮೂಲಿಕೆ ಬಣ್ಣ’ ಅಂತ ಬರೆದಿದ್ದಳು. ಭುಜ ಮತ್ತು ತೋಳಿನ ಫೋಟೋಗಳು ಅಷ್ಟು ಹತ್ತಿರದಿಂದ, ಒಂದೊಂದು ಹೊಲಿಗೆಯೂ ಕಾಣುವಂತಿದ್ದವು. ಅವು ನಿಜಕ್ಕೂ ಕೈಕೆಲಸವೇ. ಮುಂಭಾಗದ ಫೋಟೋ ಮಾತ್ರ ದೂರದಿಂದ ತೆಗೆದದ್ದು. ಒಳಮೈ ತೋರಿಸಿ ಅಂತ ಕೇಳಿದರೆ, ಬಟ್ಟೆ ಬಹಳ ನಾಜೂಕು, ತಿರುವಿದರೆ ಹರಿಯುತ್ತದೆ ಅಂದಳು. ದುಡ್ಡು ತಲುಪಿದ ಮೇಲೆ ಪಾರ್ಸೆಲ್ ತಡವಾಗುತ್ತದೆ, ಅಲ್ಲಿಯವರೆಗೆ ನಮೂನೆ ಇಳಿಸಿಕೊಳ್ಳಿ ಅಂತ ಮುಂಭಾಗದ ಇನ್ನೆರಡು ಫೋಟೋ ಕಳಿಸಿದಳು. ನಾನು ಚೌಕದ ಹಾಳೆಯಲ್ಲಿ ಬರೆದುಕೊಂಡು ಹೊಲಿಯಲು ಕೂತೆ. ಲೆಕ್ಕವೇ ಕೂಡುತ್ತಿಲ್ಲ. ಒಂದು ಹೂವಿನ ಎಡಗಡೆ ಒಂದು ಲೆಕ್ಕ, ಬಲಗಡೆ ಇನ್ನೊಂದು.

ಪಾರ್ಸೆಲ್ ಬಂದ ಮೇಲೆ ಕಾರಣ ಗೊತ್ತಾಯಿತು. ಕೈಯಲ್ಲಿ ಹೊಲಿಯುವಾಗ ಸೂಜಿ ಎಳೆಗಳ ನಡುವಿನ ಸಂದಿಯಲ್ಲಿ ಇಳಿಯುತ್ತದೆ. ಮಷೀನಿನ ಸೂಜಿಗೆ ಎಳೆಯ ಹಂಗಿಲ್ಲ. ನೇಯ್ಗೆ ಹೇಗಿದ್ದರೂ ಎಳೆಯನ್ನೇ ಚುಚ್ಚಿಕೊಂಡು ಹೋಗುತ್ತದೆ. ಭೂತಗನ್ನಡಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಒಳಮೈ ತಿರುವಿದೆ. ಹೊರಗೆ ಕೆಂಪು, ಕಪ್ಪು ದಾರ. ಒಳಗೆ ಎಲ್ಲದರ ಕೆಳಗೂ ಒಂದೇ ಬಿಳಿ ಬಾಬಿನ್ ದಾರ, ಅಂದರೆ ಮಷೀನಿನಲ್ಲಿ ಕೆಳಗಿನಿಂದ ಬರುವ ದಾರ. ತುದಿಯಿಂದ ಒಂದು ಚೂರು ದಾರ ಕತ್ತರಿಸಿ ಸುಟ್ಟೆ. ಹತ್ತಿಯಾಗಿದ್ದರೆ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್!

ಇಲ್ಲಿ ಹೆಂಗಸರು ಒಟ್ಟಿಗೆ ಕೂತು ಹೊಲಿಯುವ ಕೂಟಕ್ಕೆ ‘ಶೆಜ಼ತ್ವಾರೆ’ ಅನ್ನುತ್ತಾರೆ. ನಾನು ಹೋಗುವ ಕೂಟದ ಹಿರಿಯರೊಬ್ಬರು ಅದನ್ನು ಮಡಿಲಲ್ಲಿ ಹರವಿಕೊಂಡು ನಕ್ಕುಬಿಟ್ಟರು. “ತೋಳು ಅಜ್ಜಿಯದು ಮಗಳೇ, ಮೈ ಮೊಮ್ಮಗಳದು” ಅಂದರು. ಯಾವುದೋ ಹಳೇ ಇಯೆಯ ತೋಳು ಕತ್ತರಿಸಿ, ಮಷೀನ್ ಕಸೂತಿ ಮಾಡಿದ ಹೊಸ ಬಟ್ಟೆಗೆ ಜೋಡಿಸಿದ್ದರು. ಅವರು ಮೊದಲು ನೋಡಿದ್ದು ಕಸೂತಿಯನ್ನಲ್ಲ, ಕಂಕುಳನ್ನು. ಹಳೇ ಇಯೆ ಎಲ್ಲ ನೇರ ತುಂಡುಗಳದ್ದೇ. ಬಟ್ಟೆ ವ್ಯರ್ಥ ಮಾಡುವ ಮಾತೇ ಇಲ್ಲ. ಕೈ ಎತ್ತಲು ಸಡಿಲ ಇರಲಿ ಅಂತ ಕಂಕುಳ ಕೆಳಗೆ ಚಿಕ್ಕ ಚೌಕದ ತುಂಡು ಕೂಡಿಸುತ್ತಾರೆ, ಕುತ್ತಿಗೆಯಲ್ಲಿ ದಾರ ಎಳೆದು ನೆರಿಗೆ ಕೂರಿಸುತ್ತಾರೆ. ನನಗೆ ಬಂದದ್ದರಲ್ಲಿ ಈಗಿನ ಬ್ಲೌಸಿನ ಹಾಗೆ ತೋಳಿನ ಬುಡ ಗುಂಡಗೆ ಕತ್ತರಿಸಿತ್ತು. ಹಾಗಾಗಿ ಒಳಮೈ ಫೋಟೋ ಜೊತೆ ಕಂಕುಳ ಹೊಲಿಗೆಯ ಫೋಟೋನೂ ಕೇಳಿ. ಕೊಡದೆ ಸಬೂಬು ಹೇಳಿದರೆ ಅಲ್ಲಿಗೇ ಬಿಡಿ.

ಕೆಲವರು ಯುವಿ ಟಾರ್ಚ್ ಹಿಡಿದು ನೋಡಿ ಅನ್ನುತ್ತಾರೆ. ಹೊಸ ಬಟ್ಟೆಗೆ ಹಾಕುವ ಬೆಳ್ಳಗಾಗಿಸುವ ರಾಸಾಯನಿಕ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ, ನಿಜ. ಆದರೆ ಈಗಿನ ಸೋಪಿನ ಪುಡಿಯಲ್ಲೂ ಅದೇ ಇರುತ್ತದೆ. ಅಪ್ಪಟ ಹಳೇ ಬಟ್ಟೆಯನ್ನು ಯಾರೋ ಮೊನ್ನೆ ಒಗೆದಿದ್ದರೆ ಅದೂ ಹೊಳೆಯುತ್ತದೆ. ಅದೊಂದನ್ನೇ ನಂಬಬೇಡಿ. ಬಣ್ಣದ ವಿಷಯವೂ ಹಾಗೆ. ಮೊದಲ ಕೃತಕ ನೇರಳೆ ಬಣ್ಣ ಬಂದದ್ದು 1856ರಲ್ಲಿ, ಆಮೇಲೆ ಅಂಥ ಬಣ್ಣಗಳು ಹಳ್ಳಿಗಳಿಗೂ ಹೋದವು. ಅಂಥ ಕೃತಕ ಬಣ್ಣದ ಗಾಢ ಗುಲಾಬಿ ದಾರ ಕಂಡ ಮಾತ್ರಕ್ಕೆ ಇಯೆ ನಕಲಿ ಅಂತಲ್ಲ. ಅದನ್ನು ತೋರಿಸಿ ಗಿಡಮೂಲಿಕೆ ಬಣ್ಣ ಅನ್ನುವ ಮಾತು ಸುಳ್ಳು, ಅಷ್ಟೇ.

ನನಗೆ ಜಾಸ್ತಿ ನೋವಾದದ್ದು ಆ ತೋಳುಗಳನ್ನು ನೋಡಿ. ಮೈ ಸವೆದು ಹರಿದಿದ್ದರೂ ಹಾಗೇ ಇಟ್ಟಿದ್ದರೆ ಅದರಿಂದ ಕಲಿಯುವುದು ಎಷ್ಟೋ ಇತ್ತು. ತುಂಡುಗಳನ್ನು ಜೋಡಿಸಿದ ರೀತಿ, ಎಳೆ ಕಿತ್ತು ಹೊಲಿದ ಅಂಚು, ಯಾರೋ ಹಾಕಿದ ತೇಪೆ, ಎಲ್ಲ ಹೋಯಿತು. ಇಂಥದ್ದಕ್ಕೆ ನಾವು ದುಡ್ಡು ಕೊಡುತ್ತಿದ್ದರೆ ಇನ್ನಷ್ಟು ಇಯೆಗಳಿಗೆ ಕತ್ತರಿ ಬೀಳುತ್ತದೆ, ಅಲ್ವಾ?

ವಾಪಸ್ ತಗೊಳ್ಳಿ ಅಂದದ್ದಕ್ಕೆ ಆಕೆಯ ಉತ್ತರ, “ನಾನು ಅಂಗಡಿಯವಳಲ್ಲ, ಮನೆಯ ಹಳೇ ಸಾಮಾನು ಮಾರಿದ್ದು.” ಯೂರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಅಂಗಡಿಯಿಂದ ಕೊಂಡದ್ದನ್ನು ಸಾಮಾನ್ಯವಾಗಿ 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸಬಹುದು. ಖಾಸಗಿ ವ್ಯಕ್ತಿ ಮಾರಿದ್ದಕ್ಕೆ ಆ ಹಕ್ಕಿಲ್ಲ. ಅದನ್ನು ತಿಳಿದೇ ಹಾಗೆ ಹೇಳುತ್ತಾರೆ. ಆಕೆ ಮಾರಾಟಕ್ಕೆ ಇಟ್ಟಿದ್ದ ಮನೆಯ ಹಳೇ ಸಾಮಾನು ನೋಡಿದರೆ ಒಂದು ಊರಿಗೇ ಸಾಕಾಗುವಷ್ಟಿತ್ತು ಬಿಡಿ! ಪೇಪಾಲ್‌ನಲ್ಲಿ ಸ್ನೇಹಿತರಿಗೆ ಕಳಿಸುವ ಹಾಗೆ ಕಳಿಸಿದರೆ ರೇಟು ಇಳಿಸುತ್ತೇನೆ ಅಂತಲೂ ಆಕೆಯೇ ಹೇಳಿದ್ದಳು. ಹಾಗೆ ಕಳಿಸಿದ ದುಡ್ಡಿಗೆ ಕೊಳ್ಳುವವರ ರಕ್ಷಣೆ ಅನ್ವಯಿಸುವುದಿಲ್ಲ. ಈ ಮಾತು ಯಾರ ಬಾಯಲ್ಲಿ ಬಂದರೂ ವ್ಯವಹಾರ ನಿಲ್ಲಿಸಿ.

ಈಗಾಗಲೇ ಕೊಂಡಿದ್ದರೆ, ಅದು ಅಸಲಿಯೋ ನಕಲಿಯೋ ತಿಳಿಯುವವರೆಗೆ ನೀರಿಗೆ ಹಾಕಬೇಡಿ. ಹಳೇ ಕೆಂಪು ದಾರ ಬಣ್ಣ ಬಿಡಬಹುದು. ಒದ್ದೆ ಹತ್ತಿಯ ತುಣುಕನ್ನು ಒಳಗಿನ ಮೂಲೆಯಲ್ಲಿ ಒತ್ತಿ ಮೊದಲು ನೋಡಿ. 1930ರ ದಶಕದ ಚಮ್ಕಿಗಳಲ್ಲಿ ಕೆಲವು ಜೆಲಟಿನ್‌ನಿಂದ ಮಾಡಿದವು. ಬಿಸಿ ನೀರು ತಾಗಿದರೆ ಕರಗಿಹೋಗುತ್ತವೆ, ಇಸ್ತ್ರಿ ಪೆಟ್ಟಿಗೆ ತಾಗಿದರೂ ಅದೇ ಗತಿ.